ಸುಗ್ಗಿಯಲ್ಲೂ ಬರದಲ್ಲೂ: ಗದಗ ಸೀಮೆಯ ಕ್ರೈಸ್ತ ಬದುಕು

ಕಪ್ಪತಗುಡ್ಡದ ಸೀಮೆಯ ಸೊರಟೂರ ಮಳೆಯನ್ನೇ ನೆಚ್ಚಿದ ಊರು. 12ನೇ ಶತಮಾನದ ಕೊನೆಗೆ ಹೊಯ್ಸಳರ ಇಮ್ಮಡಿ ಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ ಜಾಗವೆಂದು ಇತಿಹಾಸದವರು ಇದನ್ನು ನೆನೆಯುತ್ತಾರೆ. ಒಕ್ಕಲಿಗರು ನೆನಪಿಟ್ಟುಕೊಳ್ಳುವುದು ಮಳೆ ಆದ ವರ್ಷ ಮತ್ತು ಆಗದ ವರ್ಷಗಳನ್ನು. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಎರಡೂ ಕೈಕೊಟ್ಟರೆ ಗೋವಾಕ್ಕೋ ಮಂಗಳೂರಿಗೋ ಗುಳೆ. 2019ರಲ್ಲಿ ಉತ್ತರ ಕರ್ನಾಟಕವನ್ನು ನೆರೆ ನುಂಗಿತು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಇಂಥ ನೆಲದಲ್ಲಿ ದೇವರ ಮೇಲಿನ ಭರವಸೆ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಕಾಶ ನೋಡಿದಾಗಲೆಲ್ಲ ಅದು ಎದುರಿಗೆ ಬಂದು ನಿಲ್ಲುತ್ತದೆ.

ಈ ಪ್ರಶ್ನೆಗೆ ಉತ್ತರ ಕೊಟ್ಟ ಪರಂಪರೆಗಳು ಇಲ್ಲಿ ಹಲವು: ಗದಗದ ತೋಂಟದಾರ್ಯ ಮಠ, ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ದರ್ಗಾ. ಇವುಗಳ ನಡುವೆ ನೂರೆಂಬತ್ತು ವರ್ಷಗಳಿಂದ ಒಂದು ಸಣ್ಣ ಕ್ರೈಸ್ತ ಸಮುದಾಯವೂ ಬದುಕಿದೆ. 2011ರ ಜನಗಣತಿಯಂತೆ ಕರ್ನಾಟಕದ ಕ್ರೈಸ್ತರು ಸುಮಾರು 11.4 ಲಕ್ಷ, ಜನಸಂಖ್ಯೆಯ ನೂರಕ್ಕೆ ಎರಡರಷ್ಟೂ ಇಲ್ಲ. ಅವರಲ್ಲಿ ಹೆಚ್ಚಿನವರು ಕರಾವಳಿಯಲ್ಲಿ, ಬೆಂಗಳೂರಿನಲ್ಲಿ ಇದ್ದಾರೆ. ಗದಗ-ಬೆಟಗೇರಿಯ ಕಡೆಯವರು ಆ ಸಣ್ಣ ಸಂಖ್ಯೆಯಲ್ಲೂ ಸಣ್ಣ ಪಾಲು. ಒಳ್ಳೆಯ ದಿನಗಳಲ್ಲೂ ಕೆಟ್ಟ ದಿನಗಳಲ್ಲೂ ನಂಬಿಕೆಯನ್ನು ನಿತ್ಯದ ಬದುಕಾಗಿಸುವುದು ಹೇಗೆ ಎಂಬುದಕ್ಕೆ ಇವರ ಮುಂದೆ ಬಂದ ಉತ್ತರಗಳು ಯಾವುವು, ಅವುಗಳಲ್ಲಿ ಯಾವುದು ಬಾಳಿತು, ಯಾವುದು ಸೋತಿತು ಎಂಬುದನ್ನು ಇಲ್ಲಿ ನೋಡಬಹುದು.

ಬೈಬಲ್ಲಿನೊಳಗೇ ಇರುವ ಜಗಳ

ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ, ಕೆಟ್ಟವರಿಗೆ ಕೆಟ್ಟದ್ದಾಗುತ್ತದೆ ಎಂಬ ಲೆಕ್ಕ ಬೈಬಲ್ಲಿನಲ್ಲಿ ಇದೆ. ಆ ಲೆಕ್ಕವನ್ನು ತಲೆಕೆಳಗು ಮಾಡುವ ಪುಸ್ತಕಗಳೂ ಅದರಲ್ಲೇ ಇವೆ. ಯೋಬ ನೀತಿವಂತ, ಆದರೂ ದನಕರು, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ. ನೀನು ಏನೋ ಪಾಪ ಮಾಡಿರಲೇಬೇಕು ಎಂದು ವಾದಿಸಿದ ಗೆಳೆಯರು ಕೊನೆಗೆ ದೇವರಿಂದಲೇ ತಪ್ಪಿತಸ್ಥರೆನಿಸಿಕೊಂಡರು. ಪ್ರವಾದಿ ಹಬಕ್ಕೂಕ ಅಂಜೂರ ಚಿಗುರದ, ಹೊಲ ಬೆಳೆಯದ, ಹಟ್ಟಿಯಲ್ಲಿ ದನ ಇಲ್ಲದ ವರ್ಷದಲ್ಲೂ ಹಿಗ್ಗುತ್ತೇನೆ ಎನ್ನುತ್ತಾನೆ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳಿನವೇ. ದೇವರನ್ನು ದೂರುವುದೂ ಅಲ್ಲಿ ಪ್ರಾರ್ಥನೆಯೇ.

ಉಪದೇಶಗಳಲ್ಲಿ ಅಷ್ಟಾಗಿ ಕೇಳಿಬರದ ಇನ್ನೊಂದು ಎಚ್ಚರಿಕೆಯೂ ಇದೆ. ಧರ್ಮೋಪದೇಶಕಾಂಡದ 8ನೇ ಅಧ್ಯಾಯ ಕಷ್ಟದ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಸುಖದ ಬಗ್ಗೆ ಹೆದರುತ್ತದೆ: ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ಹಿಂಡು ಹೆಚ್ಚಿದ ಮೇಲೆ ಮನುಷ್ಯ ಇದೆಲ್ಲ ತನ್ನ ಕೈಯ ಬಲವೆಂದು ಬಗೆದು ಕೊಟ್ಟವನನ್ನು ಮರೆಯುತ್ತಾನೆ. ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪೌಲನೂ ಕೊರತೆಯಲ್ಲಿರುವುದನ್ನಷ್ಟೇ ಅಲ್ಲ, ಸಮೃದ್ಧಿಯಲ್ಲಿರುವುದನ್ನೂ ತಾನು ಕಲಿಯಬೇಕಾಯಿತು ಎನ್ನುತ್ತಾನೆ. ಎರಡೂ ತಾನಾಗಿ ಬರುವುದಿಲ್ಲ, ಕಲಿಯಬೇಕು. ಯಾಕೋಬನ ಪತ್ರಿಕೆ ಇದಕ್ಕೆ ಕೆಲಸದ ಮಾತು ಸೇರಿಸುತ್ತದೆ: ಹಸಿದವನನ್ನು ಹರಸಿ ಕಳಿಸಿ ಏನೂ ಕೊಡದ ನಂಬಿಕೆ ಸತ್ತದ್ದು.

ಈ ಸೀಮೆಯ ಕ್ರೈಸ್ತರ ಕಥೆ, ಒಳ್ಳೆಯತನಕ್ಕೆ ಪ್ರತಿಫಲ ಉಂಟೆಂಬ ಲೆಕ್ಕಕ್ಕೂ ಅದನ್ನು ತಲೆಕೆಳಗು ಮಾಡುವ ಲೆಕ್ಕಕ್ಕೂ ನಡೆದ ತಿಕ್ಕಾಟದ ಕಥೆಯೂ ಹೌದು.

ಮಲ್ಲಸಮುದ್ರದಲ್ಲಿ ಕಲಿತದ್ದು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ನಮ್ಮ ಕರಾವಳಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಠಾಣೆ ಹೂಡಿತು. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್ ಪ್ರಾಂತದ ಒಕ್ಕಲು ಮನೆತನ, ಕೈಕಸುಬಿನ ಮನೆತನಗಳ ಮಕ್ಕಳು. ಮೈಮುರಿದು ದುಡಿಯುವುದು, ದಿನವೂ ಬೈಬಲ್ ಓದುವುದು, ಒಳಗಣ್ಣಿನಿಂದ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಅವರ ಧರ್ಮದ ತಿರುಳು.

ಮೊದಲಿಗೆ ಅವರ ಆಸೆ ದೊಡ್ಡದಿತ್ತು. ಹುಬ್ಬಳ್ಳಿ ಸುತ್ತಲಿನ ಕಾಲಜ್ಞಾನ ಪಂಥದವರು ತಮ್ಮ ಪದಗಳಲ್ಲಿ ಹೇಳಿದ ಕಾಲ ಬಂತೆಂದು ಮಿಶನರಿಗಳ ಹತ್ತಿರ ಬಂದಾಗ ಗುಂಪುಗುಂಪಾಗಿ ಜನ ಕ್ರೈಸ್ತರಾಗುತ್ತಾರೆಂದು ಎಣಿಸಿದರು. ಅಂಥವರಿಗೆ ನೆಲೆ ಬೇಕೆಂದು 1840ರ ದಶಕದಲ್ಲಿ ಗದಗದ ಪಕ್ಕದ ಮಲ್ಲಸಮುದ್ರದಲ್ಲಿ ಒಕ್ಕಲುತನದ ವಸತಿ ಮಾಡಿದರು. ನಿರೀಕ್ಷಿಸಿದ ಗುಂಪು ಬರಲಿಲ್ಲ, ಬಂದ ಕೆಲವರು ನಿಲ್ಲಲಿಲ್ಲ, ಪ್ರಯೋಗ ಬಿದ್ದುಹೋಯಿತು.

ಸೋಲಿಗೆ ಹೊರಗಿನ ಕಾರಣಗಳನ್ನು ಹುಡುಕಬಹುದು. ನಂಬಿಕೆಗೆ ಪ್ರತಿಫಲವಾಗಿ ಹೊಲ, ಎತ್ತು, ಆಸರೆ ಸಿಗುತ್ತದೆಂಬ ತಿಳಿವಳಿಕೆ ಒಮ್ಮೆ ಬೇರೂರಿದರೆ, ಬೆಳೆ ಹೋದ ವರ್ಷ ನಂಬಿಕೆಯೂ ಹೋಗುತ್ತದೆ ಎಂಬುದು ಒಳಗಿನ ಕಾರಣ. ಆದರೆ ಮಿಶನ್ ಆಸರೆ ಕೊಡದೆ ಇರುವ ಹಾಗೂ ಇರಲಿಲ್ಲ. ದೀಕ್ಷಾಸ್ನಾನ ಪಡೆದವನಿಗೆ ಕುಲದ ಬಾವಿ ಮುಚ್ಚುತ್ತಿತ್ತು, ಕಸುಬು ತಪ್ಪುತ್ತಿತ್ತು, ಹೆಣ್ಣು ಕೊಡುವವರು ಇರುತ್ತಿರಲಿಲ್ಲ. ಮತ ಬಿಟ್ಟವನ ಆಸ್ತಿಹಕ್ಕನ್ನು ಉಳಿಸಲು 1850ರಲ್ಲಿ ಬ್ರಿಟಿಷ್ ಸರ್ಕಾರ ಕಾನೂನನ್ನೇ ಮಾಡಬೇಕಾಯಿತು ಎಂದರೆ ಸ್ಥಿತಿ ಊಹಿಸಬಹುದು. ಹೀಗಾಗಿ ಮಿಶನ್ ಮಂಗಳೂರಿನಲ್ಲಿ 1851ರಲ್ಲಿ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಇವು ಗೆದ್ದವು. ಆದರೆ ಧಣಿಯೂ ಉಪದೇಶಿಯೂ ಒಂದೇ ಸಂಸ್ಥೆ ಆದ ಕಡೆ, ಭಾನುವಾರದ ಭಕ್ತಿ ಯಾವುದು, ಸೋಮವಾರದ ಕೂಲಿಯ ಭಯ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಯಿತು.

ಧಾತು-ಈಶ್ವರ ಬರ

1876ರಿಂದ 78ರವರೆಗಿನ ಬರ ದಕ್ಷಿಣ ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತೆಂಬ ಅಂದಾಜಿದೆ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದದ್ದರಿಂದ ಹಿರಿಯರು ಅದನ್ನು ಆ ಹೆಸರಿನಿಂದಲೇ ಕರೆದರು. ಧಾರವಾಡ, ಕಲಾದಗಿ ಜಿಲ್ಲೆಗಳಿಗೆ ಬಿದ್ದ ಪೆಟ್ಟು ದೊಡ್ಡದು. ಒಕ್ಕಲುತನದ ಎರೆಸೀಮೆಯ ಮಾತು ಬಿಡಿ, ನೇಕಾರಿಕೆಯ ಬೆಟಗೇರಿ, ಗುಳೇದಗುಡ್ಡಗಳಲ್ಲೂ ಮಗ್ಗ ನಿಂತವು: ಕಾಳು ಕೊಳ್ಳಲಾಗದವರು ಸೀರೆ ಕೊಳ್ಳುವುದೆಲ್ಲಿ? ಮಿಶನ್ ಗಂಜಿ ಹಾಕಿತು, ತಬ್ಬಲಿ ಮಕ್ಕಳನ್ನು ಸಾಕಿತು. ಆ ಮಕ್ಕಳಲ್ಲಿ ಎಷ್ಟೋ ಜನ ಬೆಳೆದು ಇಲ್ಲಿನ ಕ್ರೈಸ್ತ ಮನೆತನಗಳ ಹಿರಿಯರಾದರು.

ಅನ್ನಕ್ಕಾಗಿ ಜಾತಿ ಬಿಟ್ಟವರು ಎಂಬ ಚುಚ್ಚುಮಾತು ಅಂದಿನಿಂದ ಇಂದಿನವರೆಗೂ ಇವರ ಬೆನ್ನಿಗಿದೆ. ಆ ಮಾತಿನಲ್ಲಿ ಅರೆಸತ್ಯ ಇದೆ. ಹಸಿದವರು ಅನ್ನ ಇಟ್ಟವರ ಕಡೆ ವಾಲುತ್ತಾರೆ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಮಠಗಳ ದಾಸೋಹವೂ ದರ್ಗಾಗಳ ಲಂಗರವೂ ಅದೇ ತಿಳಿವಳಿಕೆಯ ಮೇಲೆ ನಿಂತಿವೆ. ಉಳಿದರ್ಧವನ್ನು ಕಾಲವೇ ಹೇಳಿತು. ಅನ್ನಕ್ಕಾಗಿಯೇ ಬಂದವರಾಗಿದ್ದರೆ ಅನ್ನ ನಿಂತ ದಿನ ಹೋಗಬೇಕಿತ್ತು. ಅಂಥ ದಿನವೂ ಬಂತು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಗುತ್ತಲೇ ಜರ್ಮನ್ ಮಿಶನರಿಗಳು ಶತ್ರುದೇಶದವರಾದರು. ಅವರನ್ನು ಸೆರೆಯಲ್ಲಿಟ್ಟು ಆಮೇಲೆ ಊರಿಗೆ ಕಳಿಸಿದರು; ಹಂಚು, ನೇಯ್ಗೆಯ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬೇರೆ ಕೈಗೆ ಹೋದವು. ಸಂಬಳ ಕೊಡುವ ಕೈ ಇಲ್ಲವಾದರೂ ಸಭೆಗಳು ಚದುರಲಿಲ್ಲ. ಉಪದೇಶಿಗಳು, ಶಾಲೆಯ ಮಾಸ್ತರರು, ಸಭಾ ಹಿರಿಯರು ಸೇರಿ ನಡೆಸಿದರು. ಇದು ಬಾಸೆಲ್ ಮಿಶನ್ನಿನ ಗೆಲುವು ಎನ್ನುವುದಕ್ಕಿಂತ, ಮಿಶನ್ ಇಲ್ಲದೆಯೂ ನಿಲ್ಲಬಲ್ಲ ಏನೋ ಒಂದು ಮನೆಗಳೊಳಗೆ ಬೆಳೆದಿತ್ತು ಎನ್ನುವುದು ಸರಿ.

ಮನೆಯೊಳಗಿನ ರೂಢಿ

ಆ ಏನೋ ಒಂದು, ನೋಡಲು ತೀರ ಸಾದಾ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮುಗಿಸಿದ ಪೂರ್ಣ ಕನ್ನಡ ಬೈಬಲ್ 1831ರಲ್ಲಿ ಹೊರಬಂತು, 1841ರಿಂದ ಮಂಗಳೂರಿನ ಮಿಶನ್ ಛಾಪಖಾನೆ ಕನ್ನಡ ಪುಸ್ತಕಗಳನ್ನು ಅಗ್ಗದಲ್ಲಿ ಹಂಚಿತು. ಕನ್ನಡ ನಿಘಂಟು ಮಾಡಿದ ಮಿಶನರಿ ಕಿಟೆಲ್ 1862ರಲ್ಲೇ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದ. ಓದುವ ಪುಸ್ತಕ ಮನೆಗೆ ಬಂದಾಗ ರಾತ್ರಿಯ ಕುಟುಂಬ ಪ್ರಾರ್ಥನೆ ರೂಢಿಯಾಯಿತು.

ಇಂದಿಗೂ ಆ ರೂಢಿ ಹೇಗಿದೆ ಎಂದು ಹತ್ತಿರದಿಂದ ನೋಡಬೇಕು. ರಾತ್ರಿ ಊಟಕ್ಕೆ ಮೊದಲು ಟಿವಿ ಆರಿಸುತ್ತಾರೆ. ಓದು ಬರುವ ಮಗು ಒಂದು ಅಧ್ಯಾಯ ಓದುತ್ತದೆ, ಹೆಸರುಗಳ ಮೇಲೆ ಎಡವುತ್ತದೆ, ಯಾರೋ ತಿದ್ದುತ್ತಾರೆ. ಒಂದು ಸಂಗೀತ, ಎಂದರೆ ಸ್ತುತಿಗೀತೆ, ಹಾಡುತ್ತಾರೆ. ಕೆಲವು ಜರ್ಮನ್ ರಾಗದವು, ಕೆಲವು ನಮ್ಮ ಭಜನೆಯ ಧಾಟಿಯವು. ಆಮೇಲೆ ಮನೆಯ ಹಿರಿಯಾಕೆಯ ಪ್ರಾರ್ಥನೆ. ಅದರಲ್ಲಿ ದೇವತಾಶಾಸ್ತ್ರ ಇರುವುದಿಲ್ಲ, ಹೆಸರುಗಳಿರುತ್ತವೆ: ಗೋವಾಕ್ಕೆ ದುಡಿಯಲು ಹೋದ ಮಗ, ಹೆರಿಗೆಗೆ ಬಂದ ಸೊಸೆ, ಪಕ್ಕದ ಮನೆಯ ಗೌಡರ ಕಾಲುನೋವು, ಸಾಲದ ಕಂತು, ಪರೀಕ್ಷೆಗೆ ಕೂತ ಹುಡುಗಿ. ‘ಈ ಓಣ್ಯಾಗಿನವ್ರನ್ನ ಎಲ್ಲಾರ್ನೂ ಕಾಯಪ್ಪಾ’ ಎಂದು ಮುಗಿಯುತ್ತದೆ. ವರ್ಷದಲ್ಲಿ ಮುನ್ನೂರು ರಾತ್ರಿ ಹೀಗೆ ಹೆಸರು ಹಿಡಿದು ನೆನೆದವರನ್ನು ಕಷ್ಟ ಬಂದ ದಿನ ಕೈಬಿಡುವುದು ಸುಲಭವಲ್ಲ. ಜಗಳವಾಡಿದ ನೆಂಟನ ಹೆಸರೂ ಆ ಪಟ್ಟಿಯಲ್ಲಿ ಬರಬೇಕಾಗುತ್ತದೆ. ಪ್ರಾರ್ಥನೆಯ ಅತಿ ಕಷ್ಟದ ಭಾಗ ಅದೇ.

ಒಳ್ಳೆಯ ದಿನಗಳಿಗೆ ಇರುವ ರೂಢಿ ಸುಗ್ಗಿಯ ಸ್ತೋತ್ರಾರ್ಪಣೆ. ಮೊದಲ ಫಲವನ್ನು ಚರ್ಚಿಗೆ ತರುತ್ತಾರೆ: ಒಂದು ಸೇರು ಜೋಳ, ಕುಂಬಳಕಾಯಿ, ಹುಂಜ, ತೆಂಗಿನಕಾಯಿ, ಹೊಸ ನೌಕರಿಯ ಮೊದಲ ಸಂಬಳದ ಲಕೋಟೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಹತ್ತು ರೂಪಾಯಿಯ ಕಾಯಿ ನಗೆಚಾಟಿಕೆಯ ನಡುವೆ ಐನೂರಕ್ಕೆ ಏರುತ್ತದೆ. ಗೆದ್ದವನು ಅದನ್ನೇ ತಿರುಗಿ ಕೊಟ್ಟು ಮತ್ತೊಮ್ಮೆ ಹರಾಜಿಗೆ ಹಚ್ಚುತ್ತಾನೆ. ಬರದ ವರ್ಷ ಹೊಲದಿಂದ ತರುವುದಕ್ಕೇನೂ ಇಲ್ಲದವರು ಅಂಗಡಿಯಿಂದ ಅರ್ಧ ಕಿಲೊ ಸಕ್ಕರೆ ಕೊಂಡು ತರುತ್ತಾರೆ, ಬರಿಗೈಯಲ್ಲಿ ಬರುವುದಿಲ್ಲ. ಇದ್ದಾಗ ಕೊಟ್ಟು ರೂಢಿಯಾದವರಿಗೆ ಇಲ್ಲದಾಗ ಕೇಳುವುದೂ ಅವಮಾನವೆನಿಸುವುದಿಲ್ಲ.

ಈ ಸೀಮೆಯ ಒಕ್ಕಲಿಗರು ಹಿಂದೆ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರು, ಸುಗ್ಗಿಯಲ್ಲಿ ತುಂಬಿದ್ದರಷ್ಟೇ ಬರದಲ್ಲಿ ತೆಗೆಯಲು ಕಾಳು. ಪ್ರಾರ್ಥನೆಯ, ಕೊಡುವ, ನೆನೆಯುವ ರೂಢಿಯೂ ಹಾಗೆಯೇ. ಕಷ್ಟದ ದಿನ ಕೂತು ಕಲಿಯುತ್ತೇನೆಂದರೆ ಆಗುವುದಿಲ್ಲ.

ಉತ್ತಂಗಿಯವರ ದಾರಿ

ಮನೆಯ ರೂಢಿ ಮನೆಯೊಳಗೇ ಉಳಿದರೆ ಸಮುದಾಯ ತನ್ನಷ್ಟಕ್ಕೆ ತಾನು ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡನ್ನು ಒಡೆದವರು ರೆವರೆಂಡ್ ಉತ್ತಂಗಿ ಚನ್ನಪ್ಪ (1881-1962). ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಹುಬ್ಬಳ್ಳಿ, ಹೂವಿನಹಡಗಲಿಗಳಲ್ಲಿ ದುಡಿದ ಅವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ಅನುಭವ ಮಂಟಪ ಕಲ್ಪನೆಯಲ್ಲ, ಇತಿಹಾಸ ಎಂದು ಪುಸ್ತಕ ಬರೆದು ವಾದಿಸಿದರು. ಜನ ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಪಾದ್ರಿಯೊಬ್ಬ ಸರ್ವಜ್ಞನನ್ನೂ ಶರಣರನ್ನೂ ಹೊತ್ತು ತಿರುಗುವುದೇಕೆ ಎಂದು ಕ್ರೈಸ್ತರು ಒಂದು ಕಡೆ, ಇವನ ಒಳಗುಟ್ಟೇನು ಎಂದು ಉಳಿದವರು ಇನ್ನೊಂದು ಕಡೆ ಕೇಳುವುದು ಸಹಜ. ಅವರು ಕ್ರಿಸ್ತನನ್ನು ಬಿಡಲಿಲ್ಲ, ಕನ್ನಡದ ನೆಲವನ್ನೂ ಬಿಡಲಿಲ್ಲ. ಕೈಯ ದುಡಿಮೆಯನ್ನು ಪೂಜೆಗಿಂತ ಕೆಳಗಿಡದ ಶರಣರ ಕಾಯಕ, ಉಳಿದದ್ದನ್ನು ಹಂಚುವ ದಾಸೋಹ, ಯಾಕೋಬನ ಪತ್ರಿಕೆಯ ಕೆಲಸದ ನಂಬಿಕೆ ಇವುಗಳ ನಡುವೆ ಬೇಲಿ ಹಾಕುವ ಅಗತ್ಯ ಅವರಿಗೆ ಕಾಣಲಿಲ್ಲ. ಈ ಸೀಮೆಯ ಕ್ರೈಸ್ತ ಮನೆಗಳಲ್ಲಿ ಸಾವಾದಾಗ ಪಕ್ಕದ ಲಿಂಗಾಯತರ, ಮುಸ್ಲಿಮರ ಮನೆಗಳಿಂದ ರೊಟ್ಟಿ ಬುತ್ತಿ ಬರುತ್ತದೆ. ಅವರು ಮಣ್ಣಿಗೂ ಬರುತ್ತಾರೆ. ಆ ಬುತ್ತಿಯನ್ನು ನೆರೆಯ ಉಪಕಾರವೆಂದಷ್ಟೇ ತಿನ್ನುವುದೋ, ದೇವರೇ ಕಳಿಸಿದ್ದೆಂದು ತಿನ್ನುವುದೋ? ಉತ್ತಂಗಿಯವರ ಓದು ಎರಡನೆಯದಕ್ಕೆ ದಾರಿ ತೆರೆಯಿತು.

ಕೆಥೋಲಿಕರ ಉತ್ತರ

ಈವರೆಗೆ ಹೇಳಿದ್ದು ಪ್ರಾಟೆಸ್ಟಂಟರ ಕಥೆ; ಕೆಥೋಲಿಕರ ಪರಂಪರೆ ಇನ್ನೂ ಹಳೆಯದು. ರಾಯಚೂರು ದೋಆಬದ ಮುದಗಲ್ಲಿನ ಸಭೆಯ ಬೇರು ಆದಿಲ್‌ಶಾಹಿ ಕಾಲದಲ್ಲಿದೆ. ಕರ್ನಾಟಕದ ಕ್ರೈಸ್ತರು ಕಂಡ ಅತಿ ಘೋರ ಕಷ್ಟವೆಂದರೆ ಕರಾವಳಿಯ ಕೆಥೋಲಿಕರನ್ನು 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು; 1799ರಲ್ಲಿ ಕೋಟೆ ಬಿದ್ದ ಮೇಲೆ ಉಳಿದವರು ಊರಿಗೆ ಮರಳಿ ಚರ್ಚುಗಳನ್ನು ಮೊದಲಿನಿಂದ ಕಟ್ಟಿದರು. ಜಪಮಾಲೆ, ಹಬ್ಬದ ದಿನಗಳು, ಸತ್ತವರ ಸ್ಮರಣೆ, ಇವು ಗುರುಗಳಿಲ್ಲದೆಯೂ ಮನೆಯಲ್ಲಿ ನಡೆಯಬಲ್ಲವು. ಹದಿನೈದು ವರ್ಷದ ಆ ಸೆರೆಗೆ ಅಂಥ ರೂಢಿಗಳ ಬಲ ಬೇಕಿತ್ತು.

ನಮ್ಮ ಭಾಗದಲ್ಲಿ ಅವರು ಮಾಡಿದ ದಿಟ್ಟ ಪ್ರಯೋಗ ಬೈಲಹೊಂಗಲ ತಾಲೂಕಿನ ದೇಶನೂರಿನದು. ಅಲ್ಲಿ ಯೇಸುಸಭೆಯ ಗುರುಗಳು ಸ್ನಾನಿಕ ಅರುಳಪ್ಪನವರ ವಿರಕ್ತ ಮಠವೆಂದು ಹೆಸರಿಟ್ಟು, ಕಾವಿ ತೊಟ್ಟು, ಸಸ್ಯಾಹಾರಿಗಳಾಗಿ, ಮಠದ ಶಿಸ್ತಿನಲ್ಲೇ ಕ್ರಿಸ್ತನನ್ನು ಆರಾಧಿಸಿದರು. ಇದನ್ನು ಮೆಚ್ಚಿದವರೂ ಉಂಟು, ವೇಷ ಎಂದವರೂ ಉಂಟು. ಸರಳವಾಗಿ ಬದುಕಿ ತೋರಿಸಿದ್ದಕ್ಕೆ ಮಾತ್ರ ಯಾರ ತಕರಾರೂ ಇಲ್ಲ.

ಈಗಿನ ಪರೀಕ್ಷೆಗಳು

ಇಂದಿನ ಕಷ್ಟ ಬರವೊಂದೇ ಅಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮೀಸಲಾಯಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರೂ ಕ್ರೈಸ್ತ, ಮುಸ್ಲಿಮರಿಗೆ ಇಲ್ಲ. ಕರ್ನಾಟಕದಲ್ಲಿ ಕ್ರೈಸ್ತರಾದ ದಲಿತರು ಹಿಂದುಳಿದವರ ಪ್ರವರ್ಗ 1ರಲ್ಲಿ ಬರುತ್ತಾರೆ. ಊರಿನಲ್ಲಿ ಓಣಿ ಬದಲಾಗುವುದಿಲ್ಲ, ಕಾಗದದಲ್ಲಿ ಜಾತಿ ಬದಲಾಗುತ್ತದೆ. ಈ ಬಗ್ಗೆ ಪರಿಶೀಲಿಸಲು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ಕೇಂದ್ರ ಸರ್ಕಾರ 2022ರಲ್ಲಿ ನೇಮಿಸಿತು. ಅದೇ ವರ್ಷ ರಾಜ್ಯದಲ್ಲಿ ಬಂದ ಮತಾಂತರ ಕಾಯ್ದೆ ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. 2023ರ ಜೂನ್‌ನಲ್ಲಿ ಹೊಸ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಈ ಹಗ್ಗಜಗ್ಗಾಟದಲ್ಲಿ ಮನೆಯಲ್ಲಿ ನಾಲ್ಕು ಜನ ಕೂಡಿ ಹಾಡುವುದಕ್ಕೂ ಹಿಂದೆಮುಂದೆ ನೋಡುವ ಅಳುಕು ಹುಟ್ಟಿತು. ಇನ್ನು 2020ರ ಏಪ್ರಿಲ್‌ನಲ್ಲಿ ಶುಭ ಶುಕ್ರವಾರ, ಈಸ್ಟರ್ ಎರಡೂ ಲಾಕ್‌ಡೌನಿನಲ್ಲಿ ಬಂದವು. ಚರ್ಚಿಗೆ ಬೀಗ ಬಿದ್ದ ಆ ವಾರ, ಮನೆಯಲ್ಲಿ ಪ್ರಾರ್ಥಿಸುವ ರೂಢಿ ಉಳಿಸಿಕೊಂಡವರಿಗೆ ಹಬ್ಬ ತಪ್ಪಲಿಲ್ಲ; ಉಳಿದವರು ಮೊಬೈಲ್ ಹಿಡಿದು ಕೂತರು.

ಹೊರಗಿನ ಕಷ್ಟಕ್ಕಿಂತ ಸೂಕ್ಷ್ಮವಾದದ್ದು ಒಳಗಿನದು. ಕಾಯಿಲೆ ವಾಸಿಯಾಗುತ್ತದೆ, ಸಾಲ ತೀರುತ್ತದೆ, ವೀಸಾ ಸಿಗುತ್ತದೆ ಎಂದು ಭರವಸೆ ಕೊಡುವ ಕೂಟಗಳು ಎಲ್ಲ ಕಡೆ ಹೆಚ್ಚುತ್ತಿವೆ. ಅವುಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಹಳೆಯ ಸಭೆಗಳು ಹೆಸರು ಕೇಳದ ಬಡವರನ್ನು ಅವು ಹೆಸರು ಹಿಡಿದು ಕರೆಯುತ್ತವೆ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತವೆ, ಕುಡಿತ ಬಿಡಿಸುತ್ತವೆ. ಆದರೆ ವಾಸಿಯಾಗದವಳಿಗೆ ನಿನ್ನ ನಂಬಿಕೆ ಸಾಲದು ಎಂದಾಗ, ಅದು ಯೋಬನ ಗೆಳೆಯರು ಆಡಿದ ಮಾತೇ. ಬೆಟಗೇರಿಯ ಮಿಶನ್ ಆಸ್ಪತ್ರೆ ಬೇರೆ ಮಾದರಿ ತೋರಿಸಿತ್ತು: ಪ್ರಾರ್ಥನೆಯೂ ಇರಲಿ, ಕತ್ತರಿಸಿ ಹೊಲಿಯುವ ಡಾಕ್ಟರೂ ಇರಲಿ, ವಾಸಿಯಾಗದೆ ಸಾಯುವವನ ಪಕ್ಕ ಕೂರುವ ನರ್ಸೂ ಇರಲಿ.

ತೂಗಿ ನೋಡಿದರೆ

ಹೀಗೆ ನೋಡಿದಾಗ ಒಂದು ಮಾತು ಸ್ಪಷ್ಟ. ಮಲ್ಲಸಮುದ್ರದ ಹೊಲದಿಂದ ಇಂದಿನ ಭರವಸೆಯ ಕೂಟಗಳವರೆಗೆ, ನಂಬಿಕೆಯನ್ನು ಲಾಭದ ಜೊತೆ ಕಟ್ಟಿದ ಪ್ರಯತ್ನಗಳು ಲಾಭ ನಿಂತಾಗ ಸೋತಿವೆ. ಬಾಳಿದ್ದು, ಸುಖದಲ್ಲೇ ರೂಢಿಯಾದ ಸಣ್ಣ ಕೆಲಸಗಳು: ಹೆಸರು ಹಿಡಿದು ಪ್ರಾರ್ಥಿಸುವುದು, ಮೊದಲ ಫಲ ಕೊಡುವುದು, ಸತ್ತ ಮನೆಗೆ ಹೋಗುವುದು, ನೆರೆಯವನಿಂದ ಪಡೆಯಲು ನಾಚದಿರುವುದು. ದೇವರು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ಮಳೆ ಸುರಿಸುತ್ತಾನೆಂದು ಯೇಸು ಬೆಟ್ಟದ ಮೇಲೆ ಹೇಳಿದ್ದನ್ನು ಎರೆಸೀಮೆಯವರಿಗೆ ವಿವರಿಸಬೇಕಿಲ್ಲ. ಮಳೆಗೂ ಪುಣ್ಯಕ್ಕೂ ಲೆಕ್ಕ ಕೂಡುವುದಿಲ್ಲವೆಂಬುದು ಅವರ ಅನುಭವ.

ಇದರಿಂದ ಸಭೆಗಳಿಗೆ ಒಂದು ಕೆಲಸ ಉಳಿಯುತ್ತದೆ. ಕಷ್ಟ ಬಂದಾಗ ಧೈರ್ಯ ಹೇಳುವ ಉಪದೇಶಗಳು ನಮ್ಮಲ್ಲಿ ಸಾಕಷ್ಟಿವೆ. ಬೆಳೆ ಚೆನ್ನಾಗಿ ಬಂದ ವರ್ಷ, ಮಗನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕ ವರ್ಷ, ಹೊಸ ಮನೆಗೆ ಕಾಲಿಟ್ಟ ವರ್ಷ, ಕೂಲಿಯವರಿಗೆ ಸರಿಯಾದ ಕೂಲಿ ಕೊಟ್ಟೆಯಾ, ಊರ ಹೊರಗಿನ ಓಣಿಯವರನ್ನು ಊಟಕ್ಕೆ ಕರೆದೆಯಾ, ರಾತ್ರಿಯ ಪ್ರಾರ್ಥನೆ ಇನ್ನೂ ನಡೆದಿದೆಯಾ ಎಂದು ಕೇಳುವವರು ಕಡಿಮೆ. ಬರದ ವರ್ಷಕ್ಕೆ ಬೇಕಾದ ನಂಬಿಕೆ ತಯಾರಾಗುವುದು ಆ ಪ್ರಶ್ನೆಗಳಿಗೆ ಸುಗ್ಗಿಯಲ್ಲಿ ಕೊಟ್ಟ ಉತ್ತರದಿಂದ.